ಐಸ್ ಫ್ಯಾಕ್ಟರಿಯಲ್ಲಿ, ತಿಪ್ಪೇಶನಿಗೆ

ಮೊದಲು ಕಣ್ಣು, ತಿಪ್ಪೇಶ.
ಕಂಪೆನಿ ಸ್ಟೋರಿನಿಂದ ತಂದ ಗ್ರೈಂಡಿಂಗ್ ಕನ್ನಡಕ ಸಾಲದು ಮಾರಾಯ,
ಬದಿಯಲ್ಲಿ ಸಂದು ಉಂಟು. ಕಾಳು ಸಂದನ್ನೇ ಹುಡುಕುತ್ತದೆ.
ಇಗೋ, ಮುಖ ಪೂರ್ತಿ ಮುಚ್ಚುವ ಮಾಸ್ಕ್.
ಹಲ್ಲಿಗೂ ಬೇಕು. ರೊಡೆಲ್ ನಕ್ಕಾಗ ಕಾಣುವ ಆ ಕಿಟಕಿ
ಹುಟ್ಟಿನಿಂದ ಬಂದದ್ದಲ್ಲ.

ಹಮ್ರಿಯಾದ ಮೀನುದೋಣಿಗಳಿಗೆ
ಮಂಜುಗಡ್ಡೆ ಮಾಡುತ್ತಿದ್ದ ಕಟ್ಟಡ ಇದು,
ಈಗ ಒಳಗೆ ನಲವತ್ತೆರಡು ಡಿಗ್ರಿ.
ಉಳಿದ ಮಂಜೆಂದರೆ ನಿನ್ನ ಉಸಿರಿನದ್ದು, ಗಾಜಿನ ಒಳಬದಿಗೆ.
ಕವಿಯಲಿ. ಒರೆಸಲಿಕ್ಕೆಂದು ಮಾಸ್ಕ್ ಎತ್ತಬೇಡ, ಅರ್ಧ ಸೆಕೆಂಡೂ.
ಕೈ ಮೇಲೆತ್ತಿ ಗೋಡೆ ಹಿಡಿದು ಹೊರಗೆ ಬಾ.
ಕುರುಡನಾಗದಿರಲಿಕ್ಕೆ
ಹತ್ತು ನಿಮಿಷ ಕುರುಡನಾದರೆ ತಪ್ಪಿಲ್ಲ.

ಕಾಳು ಅಂದೆನಲ್ಲ: ಕಾಲು ಗ್ರಾಮು, ಬಿಳಿ, ಸಾಬಕ್ಕಿಯ ಹಾಗೆ.
ಅಗ್ಗದ್ದು ತರಬೇಡ, ನಳಿಗೆಯೊಳಗೇ ಒಡೆಯುತ್ತದೆ.
ಬಿದ್ದದ್ದನ್ನು ಹೆಕ್ಕಿ ಮತ್ತೆ ತುಂಬಿಸಬೇಡ.
ಜಿಪುಣತನಕ್ಕೆ ವಾರದ ಆರು ದಿನ ಉಂಟು,
ನಾವೆಲ್ಲ ಈ ದೇಶಕ್ಕೆ ಬಂದದ್ದೇ ಅದಕ್ಕೆ.

ಮೊದಲ ಸಂಬಳದಲ್ಲಿ ಶೂ ತೆಗೊ, ಕಣಕಾಲು ಹಿಡಿಯುವಂಥದ್ದು;
ನೆಲದಲ್ಲಿ ಹಳೆಯ ಅಮೋನಿಯಾ ಪೈಪಿನ ಮೋಟುಗಳು.
ಬಂದೂಕಿನ ಚಿಂತೆ ಬೇಡ. ಅದು ಕ್ಲಬ್ಬಿನದ್ದು,
ಕ್ಲಬ್ಬಿನ ಕಪಾಟಿನಲ್ಲೇ ಬೀಗ ಹಾಕಿಸಿಕೊಂಡು ಮಲಗುತ್ತದೆ.
ರೂಮಿಗೆ ಒಯ್ಯುವಂತಿಲ್ಲ.
ಹಿಡಿದು ನಿಂತ ಫೋಟೊ ದಾವಣಗೆರೆಗೆ ಕಳಿಸುವಂತಿಲ್ಲ.
ಆಟಿಕೆ ಅಂತ ನಿನಗೆ ಗೊತ್ತು.
ಸಿಗ್ನಲ್ಲಿನಲ್ಲಿ ಪಕ್ಕದ ಕಾರಿನ ಹೆಂಗಸಿಗೆ ಗೊತ್ತಿಲ್ಲ.
ಪೊಲೀಸನಿಗೂ ಗೊತ್ತಿಲ್ಲ, ಕೇಳುವಷ್ಟು ಪುರುಸೊತ್ತೂ ಇಲ್ಲ.

ಗೇಟಿನಲ್ಲಿ ಚಹಾ ಕೊಟ್ಟನಲ್ಲ, ಆದಂ,
ದಾರ್ಫುರ್ ಕಡೆಯವನು. ಮೊದಲ ಸೀಟಿ ಬಿದ್ದ ಕೂಡಲೆ
ಕುರ್ಚಿ ತಿರುಗಿಸಿ ಸಮುದ್ರದ ಕಡೆ ಕೂರುತ್ತಾನೆ.
ಯಾಕೆಂದು ನಾನು ಕೇಳಿಲ್ಲ. ನೀನೂ ಕೇಳಬೇಡ.
ಅವನ ಎದುರು ಹಾಯುವಾಗ ನಳಿಗೆಗೆ ಚೀಲ ಇರಲಿ,
ಬಾಯಿ ನೆಲಕ್ಕೆ, ಬೆರಳು ಕುದುರೆಯಿಂದ ಹೊರಗೆ.
ಮ್ಯಾಗಜಿನ್ ತೆಗೆದ ಮೇಲೂ ಒಳಗೆ ಒಂದು ಕಾಳು ಕೂತಿರುತ್ತದೆ,
ಮರಳಿನ ಡ್ರಮ್ಮಿಗೆ ಹೊಡೆದು ನೋಡು.
ಖಾಲಿ ಅಂತ ಯಾರು ಹೇಳಿದರೂ ನಂಬಬೇಡ,
ನಾನು ಹೇಳಿದರೂ.

ಇಷ್ಟೂ ಬೋರ್ಡಿನಲ್ಲಿ ಉಂಟು, ಮೂರು ಭಾಷೆಯಲ್ಲಿ.
ಹತ್ತು ಹೆಜ್ಜೆಯೊಳಗೆ ಸಿಕ್ಕವನಿಗೆ ಹೊಡೆಯಬಾರದು,
ಗೋಡೆಯಾಚೆ ಬರೀ ಕೈ ಚಾಚಿ ಹೊಡೆಯಬಾರದು, ಅದೂ ಉಂಟು.

ಬೋರ್ಡಿಗೆ ಬಾರದ್ದು ಹೇಳುತ್ತೇನೆ.
ಬಣ್ಣದ ಗುಂಡಿನ ಆಟದಲ್ಲಿ ಅಂಗಿಯ ಕಲೆಯೇ ಸಾಕ್ಷಿ.
ಇಲ್ಲಿ ಕಲೆ ಇಲ್ಲ. ಬೆನ್ನಿಗೆ ಒಂದು ಚಟ್,
ಜಾಕೆಟ್ ದಪ್ಪ ಇದ್ದರೆ ಅಷ್ಟೂ ಇಲ್ಲ.
'ಹಿಟ್' ಅಂತ ನೀನೇ ಕೂಗಬೇಕು,
ಕಿಸೆಯ ಕೆಂಪು ಬಟ್ಟೆ ತಲೆಗೆ ಹಾಕಿ
ನಿನ್ನ ಹೆಣ ನೀನೇ ಹೊತ್ತುಕೊಂಡು ಹೊರಗೆ ನಡೆಯಬೇಕು.

ನಾನು ಒಂದು ಸಲ ಕೂಗಲಿಲ್ಲ.
ಹೋದ ಮಾರ್ಚ್, ಕಂಪ್ರೆಸರ್ ರೂಮು.
ಎಡ ಹೆಗಲಿಗೆ ಬಿತ್ತು, ಸರಿಯಾಗಿ ಗೊತ್ತಾಯಿತು.
ಹೊಡೆದವಳು ದಿಲ್ಹಾರಾ, ಗಾಲೆಯ ಹುಡುಗಿ,
ಡ್ರಮ್ಮಿನ ಹಿಂದಿಂದ ನನ್ನನ್ನೇ ನೋಡಿದಳು.
ನಾನು ಓಡಿ ಬಾವುಟ ಮುಟ್ಟಿದೆ. ಗೆದ್ದೆವು.
ರಾತ್ರಿ ಎಲ್ಲರೂ ಒಂದೇ ತಟ್ಟೆಯಲ್ಲಿ ಮಂದಿ ತಿನ್ನುವಾಗ
ಟೊಮೆಟೊ ಚಟ್ನಿಯನ್ನು ನನ್ನ ಕಡೆ ಸರಿಸಿದಳು,
ಏನೂ ಹೇಳಲಿಲ್ಲ.
ಬೆಲ್ಟ್ ಕಟ್ಟಿ, ಹೆಲ್ಮೆಟ್ ಹಾಕಿ ಅಂತ
ಶಿಪ್‌ಯಾರ್ಡಿನಲ್ಲಿ ಹನ್ನೊಂದು ವರ್ಷ ಬೊಬ್ಬೆ ಹೊಡೆದ ಸೇಫ್ಟಿ ಆಫೀಸರ್ ನಾನು.
ಒಂದೂವರೆ ಅಕ್ಷರದ ಒಂದು ಶಬ್ದ, ತಿಪ್ಪೇಶ,
ಗಂಟಲು ದಾಟಲಿಲ್ಲ.

ಸೀಟಿ ಆಯಿತು.
ನೀರು ಕುಡಿದೆಯಾ? ಇನ್ನೊಂದು ಗ್ಲಾಸು ಕುಡಿ.
ಕೆಂಪು ಬಟ್ಟೆ ತರಲಿಲ್ಲವಾ? ತೆಗೊ,
ನನ್ನ ಹತ್ತಿರ ಈಗ ಎರಡೆರಡು ಇರುತ್ತದೆ.
ಬಲ ಕಿಸೆಗೆ ಹಾಕು, ತುದಿ ಸ್ವಲ್ಪ ಹೊರಗಿರಲಿ,
ಬೇಗ ಕೈಗೆ ಸಿಗುವ ಹಾಗೆ.