ಐ ಆ್ಯಮ್ ಅಫ್ರೇಡ್

ಹಾಸನದ ಸಂತೇಪೇಟೆಯಲ್ಲಿ, ಪಾತ್ರೆ ಅಂಗಡಿಯ ಮೇಲೆ,
ಮೊದಲು ಟೈಪಿಂಗ್ ಕಲಿಸುತ್ತಿದ್ದ ಕೋಣೆ ಇದು.
ಮಿಷನ್ನುಗಳು ಗುಜರಿಗೆ ಹೋದವು,
ಮೇಜಿನ ಮೇಲೆ ಅವುಗಳ ಕಾಲಿನ ಗುರುತು ಉಳಿದಿದೆ.
ಈಗ ಸಂಜೆ ಆರೂವರೆಗೆ ಇಲ್ಲಿ
ನಯ ಕಲಿಸುತ್ತೇನೆ, ಇಂಗ್ಲಿಷಿನ ನಯ,
ತಿಂಗಳಿಗೆ ಆರುನೂರು.

ಆಟೊ ದಸ್ತಗೀರ್ 'ಎಕ್ಸ್‌ಕ್ಯೂಸ್ ಮಿ' ಅಂದರೆ
ಹಿಂದಿನಿಂದ ಹಾರ್ನ್ ಹೊಡೆದ ಹಾಗೆ.
ಲಾಡ್ಜಿನ ಕೌಂಟರಿನ ಪ್ರದ್ಯುಮ್ನ
'ಸಾರಿ'ಯನ್ನು ಚಿಲ್ಲರೆಯಂತೆ ಎಣಿಸಿ ಕೊಡುತ್ತಾನೆ,
ತಪ್ಪು ಯಾರದೇ ಇರಲಿ.
ಕೊನೆಯ ಬೆಂಚಿನಲ್ಲಿ ದುದ್ದದ ಚನ್ನಾಜಮ್ಮ,
ಆಸ್ಪತ್ರೆಯಲ್ಲಿ ನೆಲ ಒರೆಸುವವಳು.
ಫಿನಾಯಿಲ್ ವಾಸನೆ
ಅವಳಿಗಿಂತ ಮುಂಚೆ ಮೆಟ್ಟಿಲು ಹತ್ತುತ್ತದೆ.

'ವುಡ್ ಯು ಮೈಂಡ್' ಅಂತ ಕೇಳಿದರೆ
'ನೋ' ಅನ್ನಬೇಕು, ಅಂದೆ.
'ನೋ ಅಂದ್ರೆ ಒಲ್ಲೆ ಅಂತಲ್ವಾ?'
ಅಲ್ಲ. ಇಲ್ಲಿ ನೋ ಅಂದರೆ ಆಗಲಿ, ಕೂತ್ಕೊಳ್ಳಿ, ತಗೊಳ್ಳಿ.
ಚನ್ನಾಜಮ್ಮ ಪೆನ್ನು ಕೆಳಗಿಟ್ಟಳು.
'ಮೂವತ್ತೊಂಬತ್ತು ವರ್ಷಕ್ಕೆ ಒಂದು ನೋ ಕಲಿತೆ,
ಅದೂ ಹ್ಞೂಂ ಅಂತಲೇ ಆಯ್ತಲ್ಲ ಮೇಡಂ.'
ಕ್ಲಾಸಿಗೆ ಕ್ಲಾಸೇ ನಕ್ಕಿತು. ಅವಳು ನಗಲಿಲ್ಲ.

ಮಾರನೆಯ ದಿನ, ಪುಸ್ತಕ ಮುಚ್ಚಿಟ್ಟು,
ಬೋರ್ಡಿನ ಮೇಲೆ ಬರೆದೆ: ಐ ಆ್ಯಮ್ ಅಫ್ರೇಡ್ ಐ ಕಾಂಟ್.
ಭಾರದ ಒಂದು 'ಒಲ್ಲೆ'ಯನ್ನು ಹೊರುವ ಮೊದಲು
ತಲೆಗಿಟ್ಟುಕೊಳ್ಳುವ ಸಿಂಬಿ.
ಭಯ ಅಂತ ಇದೆ, ಆದರೆ ಭಯವಿಲ್ಲ.
ಇಲ್ಲದ ಭಯ ಯಾಕೆ ಹೇಳಬೇಕು, ಅಂದ ದಸ್ತಗೀರ್.
ನಾನು ಸೀಮೆಸುಣ್ಣ ತಿರುಗಿಸುತ್ತ ನಿಂತಿದ್ದೆ.
'ಹೋಗ್ವಾಗ ಬತ್ತೀನಿ ಅನ್ನಲ್ವಾ ನಾವು?
ದೀಪ ಆರಿಸೋವಾಗ ದೊಡ್ಡದು ಮಾಡು ಅನ್ನಲ್ವಾ?
ಹಂಗೇ ಅದು,' ಅಂದಳು ಕೊನೆಯ ಬೆಂಚಿನಿಂದ.
ಇಪ್ಪತ್ತೆರಡು ವರ್ಷದಿಂದ ಕಲಿಸುತ್ತಿದ್ದೇನೆ,
ಇಷ್ಟು ಸಲೀಸಾಗಿ ನನಗೆ ಹೊಳೆದಿರಲಿಲ್ಲ.

ಒಂದು ಶುಕ್ರವಾರ ಏದುಸಿರಲ್ಲಿ ಬಂದಳು.
ಇನ್ನೊಂದು ಶಿಫ್ಟೂ ಮಾಡು ಅಂದರಂತೆ ಮ್ಯಾನೇಜರು,
ವಾರದಲ್ಲಿ ಮೂರನೇ ಸಲ, ಪುಗಸಟ್ಟೆ.
ಬಕೆಟ್ಟು ಕೆಳಗಿಟ್ಟು, ಸೆರಗು ಸರಿಮಾಡಿಕೊಂಡು,
ಒಂದಕ್ಷರ ಬಿಡದೆ ಹೇಳಿದಳಂತೆ:
'ಐ ಆ್ಯಮ್ ಅಫ್ರೇಡ್ ಐ ಕಾಂಟ್, ಸರ್.'
ಅವರು ಕನ್ನಡಕ ತೆಗೆದು ನೋಡಿದರಂತೆ.
'ಯಾಕಮ್ಮ ಹೆದರ್ತೀಯ? ಯಾರು ಏನಂದ್ರು?
ಹೋಗು, ಮನೆಗೆ ಹೋಗು, ಕತ್ತಲಾಗುತ್ತೆ.'

'ಮಾತು ಕೆಲಸ ಮಾಡ್ತು ಮೇಡಂ.
ಪಾಪ, ಅವರಿಗೇ ಅರ್ಥ ಗೊತ್ತಿಲ್ಲ.'
ಸ್ವಲ್ಪ ಹೊತ್ತು ಕಿಟಕಿಯಾಚೆ ನೋಡುತ್ತಿದ್ದು:
'ಇಲ್ಲಾ, ಅವರಿಗೇ ಸರಿಯಾಗಿ ಗೊತ್ತಾಯ್ತೋ ಏನೋ.
ಹೇಳ್ವಾಗ ಕಾಲು ನಡುಗ್ತಿತ್ತು.'

ಅವಳ ನೋಟ್‌ಬುಕ್ಕಿನಲ್ಲಿ, ಆ ವಾಕ್ಯದ ಪಕ್ಕ,
ಕೆಂಪು ಶಾಯಿಯಲ್ಲಿ ಸರಿ ಗುರುತು ಹಾಕಿದೆ.
ಯಾವುದಕ್ಕೆ ಹಾಕಿದೆನೋ.

ಕೆಳಗೆ ಪಾತ್ರೆ ಅಂಗಡಿಯವರು ಶಟರ್ ಎಳೆಯುತ್ತಿದ್ದರು.
ಮೆಟ್ಟಿಲ ಬಳಿ ನೆನಪಾಗಿ, ಮೆಲ್ಲಗೆ ಕೇಳಿದೆ,
ಎರಡು ತಿಂಗಳ ಫೀಸು, ಚನ್ನಾಜಮ್ಮ...
ಅವಳು ತಿರುಗಿ, ಎದೆಗೆ ಕೈಯಿಟ್ಟು,
ಉಚ್ಚಾರದಲ್ಲಿ ಎಳ್ಳಷ್ಟೂ ತಪ್ಪಿಲ್ಲದೆ
'ಡೋಂಟ್ ಮೆನ್ಶನ್ ಇಟ್, ಮೇಡಂ,' ಅಂದಳು.
'ಬತ್ತೀನಿ.'