ಆರಿಸುವ ಮುನ್ನ

ಎರಡು ಲೀಟರ್, ನಾಲ್ಕು ಸಿಲಿಂಡರ್, ಹದಿನಾರು ವಾಲ್ವು;
ಕಾಗದದ ಮೇಲೆ ಕುದುರೆಗಳು ಇನ್ನೂರ ಐದು.
ಹಿಲ್ಲೆವಿ ಕಾಗದ ನೋಡುವುದಿಲ್ಲ,
ಕಿವಿ ಕೊಡುತ್ತಾಳೆ.

ಹೊರಗೆ ಕಿರುನಾ, ಮೈನಸ್ ಇಪ್ಪತ್ತೇಳು.
ಚಾಲೂ ಮಾಡಿದೊಡನೆ ಚೈನು ಗಲಗಲ, ಎರಡೇ ಕ್ಷಣ;
ಆಮೇಲೆ ಬಿರಿದ ಕೊಳವೆಯ ಸೀಟಿ,
ಹಿಂದೆ ನೀಲಿ ಹೊಗೆ.
ಸಂಪು ಕಳಚಿದರೆ ಎಣ್ಣೆಯಲ್ಲ, ಕಾಕಂಬಿ.
ಟರ್ಬೊದ ದಂಡ ಬೆರಳಿಗೇ ಅಲುಗುತ್ತದೆ
ಹಾಲುಹಲ್ಲಿನ ಹಾಗೆ.

"ಓಡಿಸಿ ಬಂದವನೇ ಆರಿಸಿಬಿಡುತ್ತೀಯ, ಅಲ್ಲವೇ?
ಕೆಂಪಗೆ ಕಾದ ಕಬ್ಬಿಣದಲ್ಲಿ ನಿಂತ ಎಣ್ಣೆ ಸೀದುಹೋಗುತ್ತದೆ.
ಒಂದು ನಿಮಿಷ ಬಿಡು. ಸುಮ್ಮನೆ ಕೂತಿರು."

ಗಣಿಯ ರಾತ್ರಿಪಾಳಿ ಮುಗಿಸಿ ಬಂದ ಸಿಗ್ವರ್ಡ್
ಟೋಪಿ ತಿರುವುತ್ತ ಅಂದ:
"ಆ ಒಂದು ನಿಮಿಷವೇ ಕಷ್ಟ."

ಈಗ ಅವನ ಮನೆಯೆದುರು
ಹೆಡ್‌ಲೈಟ್ ಆರಿದ ಮೇಲೂ
ಇಂಜಿನ್ ಗುನುಗುತ್ತಿರುತ್ತದೆ,
ಕೆಲವು ಬೆಳಗು
ಐದು ನಿಮಿಷ.