ತಗಡಿಗೆ ಒಳಮೈ

ಹೊರಗಿನದು ಹನ್ನೊಂದೇ ದಿನದಲ್ಲಿ ಮುಗಿಯಿತು.
ಮಿರಜಿನ ಲಾರಿಯಿಂದ ಕಂಬ ಇಳಿದವು,
ಬೋಲ್ಟು ತುಂಬಿದ ಗೋಣಿ ಇಳಿಯಿತು,
ಹನ್ನೆರಡನೆಯ ಬೆಳಿಗ್ಗೆ ಉಮದಿಯ ರಸ್ತೆಗೆ
ನೀಲಿ ಬೆನ್ನು ಮಾಡಿ ನಿಂತಿತ್ತು ಶೆಡ್ಡು.
ನೋಡಿದವರೆಲ್ಲ ಅಂದರು: ಆತಲ್ಲ ಇನ್ನ, ಪೂಜಿ ಮಾಡ್ರಿ.

ಆಗಿರಲಿಲ್ಲ.
ಒಳಗೆ ಹೋಗಿ ಕೆಮ್ಮಿದರೆ
ನಾಲ್ಕೂ ಗೋಡೆ ಕೆಮ್ಮುತ್ತಿದ್ದವು.
ಪಾನಾ ಕೈಜಾರಿದರೆ ಹಿಂದಿನ ಓಣಿಯ ನಾಯಿ ಎದ್ದು ನಿಲ್ಲುತ್ತಿತ್ತು.
ಮಧ್ಯಾಹ್ನ ಮಾಡು ಹಂಚು, ನಾವು ರೊಟ್ಟಿ.
ನಸುಕಿಗೆ ಅದೇ ತಗಡು ಬೆವರಿ
ಸುತ್ತಿಟ್ಟ ತಾಮ್ರದ ತಂತಿಯ ಮೇಲೆ ಹನಿ.
ಮೋಟಾರು ಸುತ್ತುವವಳು ನಾನು.
ಆರುನೂರು ಅಡಿ ಕೆಳಗೆ ನೀರಲ್ಲೇ ಬದುಕುವ ಮೋಟಾರು,
ಸುತ್ತುವಾಗ ಮಾತ್ರ ಅದಕ್ಕೆ
ಒಂದು ಹನಿಯೂ ಆಗಿಬರುವುದಿಲ್ಲ.

ಇಪ್ಪತ್ತೆರಡು ವರ್ಷ ಬಸ್‌ಸ್ಟ್ಯಾಂಡಿನ ಹಿಂದೆ
ಎಂಟಡಿಯ ಗಾಳೆ, ಬಾಡಿಗೆಯದು.
ಬೋರಿನ ಪೈಪು ಬಂದರೆ ಅರ್ಧ ರಸ್ತೆಗೆ ಚಾಚಿ
ತುದಿಗೆ ಹಳೆಯ ಲಂಗದ ಕೆಂಪು ಚಿಂದಿ ಕಟ್ಟಿ
ಹಾಯುವ ಟ್ರ್ಯಾಕ್ಟರಿಗೆಲ್ಲ ಕೈ ಮುಗಿಯುತ್ತಿದ್ದೆ.
ಅದಕ್ಕೇ ನಕ್ಷೆಯ ಹುಡುಗ ಅಳತೆ ಕೇಳಿದಾಗ
ಉದ್ದ ಹೇಳಲಿಲ್ಲ, ಅಗಲ ಹೇಳಲಿಲ್ಲ.
ಇಪ್ಪತ್ತಡಿ ಪೈಪು ಒಳಗೆ ನಿಂತಲ್ಲೇ
ಒಂದು ಪೂರ್ತಿ ಸುತ್ತು ತಿರುಗಬೇಕು ತಮ್ಮಾ,
ಯಾರಿಗೂ ಬಡಿಯದೆ. ಅಷ್ಟು.

ಒಳಗೆಲಸಕ್ಕೆ ಇಬ್ಬರು.
ಸಂಖದ ಗುರುಬಸು, ಕನ್ನಡ ಸಾಲೆ, ಏಳನೇ ಇಯತ್ತೆ.
ಡಫಳಾಪುರದ ಸುತಾರ, ಮರಾಠಿ ಸಾಲೆ, ಅವನದೂ ಏಳೇ.
ಹೆಸರು ನಿವೃತ್ತಿ,
ಎಪ್ಪತ್ತು ದಾಟಿದರೂ ಕೈಯ ಗರಗಸ ಬಿಟ್ಟಿಲ್ಲ.
ಮೊದಲು ಬೆಳ್ಳಿ ಹಾಳೆ, ಅದರ ಮೇಲೆ ಹಳದಿ ಗಾಜಿನ ಉಣ್ಣೆ,
ಮೈಗೆ ತಾಗಿದರೆ ಮೂರು ದಿನ ತುರಿಕೆ.
ಕೊಬ್ಬರಿ ಎಣ್ಣೆ ಬಳಿದು, ಮೂಗಿಗೆ ಟವೆಲು ಬಿಗಿದು,
ದರೋಡೆಗೆ ಹೊರಟವರ ಹಾಗೆ
ಏಣಿ ಹತ್ತುತ್ತಿದ್ದರು.

ಮೇಲಿದ್ದವನು ಅಳೆದು ಕೂಗುವುದು,
ಕೆಳಗಿದ್ದವನು ಪ್ಲೈವುಡ್ಡಿನ ಮೇಲೆ ಬರೆಯುವುದು,
ಕೊಯ್ಯುವ ಹೊತ್ತಿಗೆ ಯಾರಿರುತ್ತಾರೋ ಅವರು ಓದುವುದು.
ಗುರುಬಸುವಿನ ಐದು ನಿವೃತ್ತಿಯ ಕಣ್ಣಿಗೆ ಹುಳ.
ನಿವೃತ್ತಿಯ ಐದು ಗುರುಬಸುವಿಗೆ ಮುರಿದ ಗಾಳ.
ಒಂದು ಹಲಗೆ ಗಿಡ್ಡವಾಯಿತು,
ಎರಡು ದಿನ ಚಹಾ ಬೇರೆ ಬೇರೆ ಕಟ್ಟೆಯಲ್ಲಿ.

ಮೂರನೆಯ ದಿನ ಯಾರು ಕಂಡರೋ,
ನಾಲ್ಕು ಮಾತ್ರ ಎರಡೂ ಸಾಲೆಯಲ್ಲಿ ಒಂದೇ ಗಂಟು.
ಅಲ್ಲಿಂದ ಅಳತೆಯನ್ನೆಲ್ಲ ಎಳೆದು ನಾಲ್ಕಕ್ಕೆ ತಂದರು.
ಹಲಗೆ ನಾಲ್ಕು, ಕಿಟಕಿ ನಾಲ್ಕು,
ಕಪಾಟಿನ ಖಾನೆ ನಾಲ್ಕು,
ನನ್ನ ಮೇಜಿನ ಅಗಲವೂ ನಾಲ್ಕು.
ನನಗೆ ಮೂರೂವರೆ ಸಾಕಿತ್ತು.
ಹೇಳಲು ಹೋಗಲಿಲ್ಲ.

ಕೊನೆಯ ಹಲಗೆ ಬಡಿದ ಸಂಜೆ
ಒಬ್ಬಳೇ ಒಳಗೆ ನಿಂತು ಕೆಮ್ಮಿದೆ.
ನನ್ನದೊಂದೇ ಕೆಮ್ಮು.
ಬಿಸಿಲಾರುವಾಗ ತಗಡು ಚಟಚಟ ಅನ್ನುತ್ತಿತ್ತಲ್ಲ,
ಈಗಲೂ ಅನ್ನುತ್ತದೆ,
ಪಕ್ಕದ ಮನೆಯಲ್ಲಿ ಯಾರೋ
ಬೆರಳು ಮುರಿದುಕೊಂಡ ಹಾಗೆ.
ಬರೆದ ಮಗ್ಗುಲೆಲ್ಲ ಉಣ್ಣೆಯ ಕಡೆಗೆ ಮುಚ್ಚಿಹೋಯಿತು,
ಲೆಕ್ಕ, ಅಡ್ಡಗೀಟು, ಗುರುಬಸುವಿನ ಉದ್ರಿ ಬೀಡಿಯ ಪಟ್ಟಿ.
ಗಿಡ್ಡ ಹಲಗೆಯೊಂದನ್ನು ಎಸೆಯಲು ಬಿಡಲಿಲ್ಲ.
ಸ್ವಿಚ್‌ಬೋರ್ಡಿನ ಕೆಳಗೆ ಸರಿಯಾಗಿ ಕೂತಿತು.
ಐದು ಹೊರಗೆ ಕಾಣುವ ಹಾಗೆ ಮಡಗಿಸಿದೆ.

ಮರುದಿನ ಸೋನ್ಯಾಳದಿಂದ ಮೊದಲ ಪೈಪು ಬಂತು.
ಆ ತುದಿ ನಿವೃತ್ತಿ, ಈ ತುದಿ ಗುರುಬಸು,
ನಡುವೆ ನಾನು, ಹೆಗಲು ಕೊಟ್ಟು.
ಹೆಜ್ಜೆ ಹೆಜ್ಜೆ ತಿರುಗಿದರು.
ಕಿಟಕಿ ದಾಟಿತು, ಕಪಾಟು ದಾಟಿತು,
ಮೇಜಿನ ಹತ್ತಿರ ಗೇಣು ಉಳಿಯಬೇಕಾದಲ್ಲಿ
ಎರಡು ಬೆರಳು ಉಳಿಯಿತು.
ದಾಟಿತು.

ಒಂದು ಸುತ್ತು.
ನಿಲ್ಲಿಸಲಿಲ್ಲ ಇಬ್ಬರೂ,
ಸುಮ್ಮನೆ ಇನ್ನೊಂದು.
ಬಾಗಿಲಲ್ಲಿ ಪೈಪಿನವನು ಕೈ ಕಟ್ಟಿ ಕಾಯುತ್ತಿದ್ದ,
ದಾಳಿಂಬೆಗೆ ನೀರಿಲ್ಲದೆ ನಾಲ್ಕು ದಿನವಾಗಿತ್ತು ಅವನಿಗೆ.
ಇಳಸ್ರಿ ಇನ್ನ, ಅಂದೆ.
ಕೆಲಸ ಐತಿ.